ಗಿಟಾರಿನ ತಂತಿ ಎತ್ತರ: ಮನೆಯಲ್ಲೇ ಸರಿಪಡಿಸುವ ಕ್ರಮ

ಅಕೂಸ್ಟಿಕ್ ಗಿಟಾರಿನಲ್ಲಿ ಬೆರಳುಹಲಗೆಯ ಲೋಹದ ಮೆಟ್ಟಿಲಾದ ಫ್ರೆಟ್ಟಿನ ನೆತ್ತಿಗೂ ಅದರ ಮೇಲೆ ಹಾದುಹೋಗುವ ತಂತಿಯ ತಳಕ್ಕೂ ನಡುವಿನ ಅಂತರಕ್ಕೆ ತಂತಿ ಎತ್ತರ ಎನ್ನುತ್ತಾರೆ. ವಾದಕರ ಬಾಯಲ್ಲಿ ಇದು ಆಕ್ಷನ್. ತಂತಿಯ ಉದ್ದದ ನಡುಭಾಗವಾದ 12ನೇ ಫ್ರೆಟ್ಟಿನ ಮೇಲೆ ಇದನ್ನು ಅಳೆಯುವುದು ರೂಢಿ. ಲೆಕ್ಕವೆಲ್ಲ ಮಿಲಿಮೀಟರಿನ ಹತ್ತನೇ ಭಾಗಗಳಲ್ಲಿ ನಡೆಯುತ್ತದೆ. ಅರ್ಧ ಮಿ.ಮೀ. ಹೆಚ್ಚಾದರೆ ಬೆರಳ ತುದಿ ಕೆಂಪಾಗಿ ಊದಿಕೊಳ್ಳುತ್ತದೆ, ಅರ್ಧ ಮಿ.ಮೀ. ಕಡಿಮೆಯಾದರೆ ತಂತಿ ಫ್ರೆಟ್ಟಿಗೆ ಬಡಿದು ಗರಗರ ಎನ್ನುತ್ತದೆ. ಗಿಟಾರ್ ಕೊಂಡು ಎರಡು ಮೂರು ತಿಂಗಳಿಗೆ ಗೋಡೆಗೆ ತೂಗುಹಾಕಿದ ಮಕ್ಕಳಲ್ಲಿ ಬಹಳ ಮಂದಿಗೆ ಕೈಯಲ್ಲಿ ಸಂಗೀತ ಇಲ್ಲದೆ ಹೋದದ್ದಲ್ಲ. ಅವರ ಗಿಟಾರಿನ ತಂತಿ ಎತ್ತರದಲ್ಲಿತ್ತು, ಅದನ್ನು ಇಳಿಸಬಹುದೆಂದು ಹೇಳುವವರು ಇರಲಿಲ್ಲ.

ಉಕ್ಕಿನ ತಂತಿಯ ಗಿಟಾರಿನಲ್ಲಿ 12ನೇ ಫ್ರೆಟ್ಟಿನ ಮೇಲೆ ಆರನೇ ತಂತಿಗೆ, ಅಂದರೆ ಅತಿ ದಪ್ಪನೆಯದಕ್ಕೆ, ಸುಮಾರು 2.4 ಮಿ.ಮೀ., ಒಂದನೇ ತಂತಿಗೆ 1.6ರಿಂದ 1.8 ಮಿ.ಮೀ. ಇದ್ದರೆ ಹೆಚ್ಚಿನವರ ಕೈಗೆ ಒಗ್ಗುತ್ತದೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ಇದೇ ಅಳತೆ ಸುಮಾರು 4 ಮತ್ತು 3 ಮಿ.ಮೀ. ಇರುತ್ತದೆ, ಏಕೆಂದರೆ ನೈಲಾನ್ ಸಡಿಲವಾಗಿದ್ದು ಅಗಲವಾಗಿ ತೂಗಾಡುತ್ತದೆ. ದಪ್ಪ ತಂತಿಗೆ ಹೆಚ್ಚು ಜಾಗ ಬಿಡುವುದೂ ಇದೇ ಕಾರಣಕ್ಕೆ. ಪಿಕ್ ಹಿಡಿದು ಜೋರಾಗಿ ಬಾರಿಸುವವರಿಗೆ ಈ ಅಳತೆಗಿಂತ ತುಸು ಮೇಲೆ, ಬೆರಳಲ್ಲೇ ಮೆಲ್ಲಗೆ ಮೀಟುವವರಿಗೆ ತುಸು ಕೆಳಗೆ. ಕಡಿಮೆ ಬೆಲೆಯ ಹೊಸ ಗಿಟಾರುಗಳು 3 ಮಿ.ಮೀ. ದಾಟಿದ ಎತ್ತರದಲ್ಲೇ ಪೆಟ್ಟಿಗೆಯಿಂದ ಹೊರಬರುವುದುಂಟು. ಒಂದೊಂದನ್ನೂ ಕೂತು ಸರಿಪಡಿಸಲು ಆ ಬೆಲೆಯಲ್ಲಿ ತಯಾರಕರಿಗೆ ಪುರುಸೊತ್ತಿಲ್ಲ. ಆ ಕೆಲಸ ಕೊಂಡವರ ಪಾಲಿಗೆ ಉಳಿಯುತ್ತದೆ.

ಮಳೆಯ ಊರಿನಲ್ಲಿ ಗಿಟಾರ್

ದಕ್ಷಿಣ ಕನ್ನಡದ ನೆಲ್ಯಾಡಿಯಂಥ ಊರಿನಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಹಿಂದೆ ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬ ತಾಲ್ಲೂಕಿಗೆ ಸೇರಿದ ನೆಲ್ಯಾಡಿ, ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಉಪ್ಪಿನಂಗಡಿಗೂ ಶಿರಾಡಿ ಘಾಟಿಗೂ ನಡುವೆ ಸಿಗುವ ಪೇಟೆ. ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ರಬ್ಬರ್ ಕೃಷಿ ಮಾಡಿದ ಸಿರಿಯನ್ ಕ್ರೈಸ್ತ ಕುಟುಂಬಗಳು ಈ ಸುತ್ತಿನಲ್ಲಿ ಬಹಳ. ಚರ್ಚಿನ ಗಾಯನವೃಂದ, ಕ್ರಿಸ್‌ಮಸ್ ಕ್ಯಾರಲ್, ಶಾಲೆಯ ವಾರ್ಷಿಕೋತ್ಸವ, ಮದುವೆಯ ರಸಮಂಜರಿ, ಹೀಗೆ ಗಿಟಾರ್ ಹಿಡಿಯಲು ಈ ಕಡೆಯ ಹುಡುಗ ಹುಡುಗಿಯರಿಗೆ ಕಾರಣಗಳು ಸಾಕಷ್ಟಿವೆ. ಇನ್ನು ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಗಿಟಾರಿನ ನಂಟು ಹಳೆಯದು. ವಿಲ್ಫಿ ರೆಬಿಂಬಸ್ (1942–2010) ಅವರ ಕೊಂಕಣಿ ಹಾಡುಗಳು, 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆಯ ಕಾರ್ಯಕ್ರಮಗಳು ಕರಾವಳಿಯ ಕಿವಿಗಳಲ್ಲಿ ಈ ವಾದ್ಯವನ್ನು ನೆಲೆಗೊಳಿಸಿದವು. ಆದರೆ ವಾದ್ಯದ ಸೂಕ್ಷ್ಮ ಕೆಲಸ ಬಲ್ಲವರು ಸಿಗುವುದು ದೊಡ್ಡ ಪಟ್ಟಣಗಳಲ್ಲಿ, ಮತ್ತು ನೆಲ್ಯಾಡಿಯಿಂದ ಮಂಗಳೂರಿಗೆ ಸುಮಾರು 70 ಕಿ.ಮೀ. ದಾರಿ. ಹಾಗಾಗಿ ಈ ಕೆಲಸವನ್ನು ಮನೆಯಲ್ಲೇ ಕಲಿತುಕೊಳ್ಳುವುದು ಇಲ್ಲಿಯವರಿಗೆ ಅಗತ್ಯವೇ ಆಗಿದೆ.

ಆ ಇನ್ನೊಂದು ಮುಖ ಮಳೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಘಾಟಿಯ ಬುಡದ ಊರುಗಳಲ್ಲಿ ಗಾಳಿ ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಗಿಟಾರ್ ತಯಾರಕರು ತಮ್ಮ ವಾದ್ಯಕ್ಕೆ ಹೇಳುವ ಸಾಪೇಕ್ಷ ಆರ್ದ್ರತೆ ಶೇ. 45ರಿಂದ 55. ಆ ಗಾಳಿಯಲ್ಲಿ ಮರದೊಳಗಿನ ತೇವ ಅದರ ಒಣತೂಕದ ಶೇ. 9ರ ಆಸುಪಾಸು ನಿಲ್ಲುತ್ತದೆ. ಆರ್ದ್ರತೆ ಶೇ. 80–85 ಆದಾಗ ಅದು ಶೇ. 16ರಿಂದ 18ಕ್ಕೆ ಏರಲು ನೋಡುತ್ತದೆ. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ, ಎಳೆಗೆ ಅಡ್ಡವಾಗಿ ಹಿಗ್ಗುವುದೇ ಹೆಚ್ಚು. ಗಿಟಾರಿನ ಮೇಲ್ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಮರದ್ದು; 400 ಮಿ.ಮೀ. ಅಗಲದ ಅಂಥ ಹಲಗೆ, ತೇವ ಶೇ. 1 ಏರಿದರೆ ಅರ್ಧ ಮಿ.ಮೀ.ಗೂ ಮಿಕ್ಕಿ ಅಗಲವಾಗಬಯಸುತ್ತದೆ. ಆದರೆ ಅಂಚು ಸುತ್ತಲೂ ಅಂಟಿದೆ, ಒಳಗೆ ಅಡ್ಡಪಟ್ಟಿಗಳು ಹಿಡಿದುಕೊಂಡಿವೆ. ಅಗಲಕ್ಕೆ ಹೋಗಲು ದಾರಿಯಿಲ್ಲದ ಹಲಗೆ ಮೇಲಕ್ಕೆ ಉಬ್ಬುತ್ತದೆ. ತಂತಿಗಳನ್ನು ಹೊತ್ತು ಅದರ ಮೇಲೆ ಕೂತ ಮರದ ತುಂಡು, ಬ್ರಿಜ್, ಏರುತ್ತದೆ, ಬ್ರಿಜ್ ಜತೆ ತಂತಿಯೂ ಏರುತ್ತದೆ. ಮೇ ತಿಂಗಳಲ್ಲಿ ಹಿತವಾಗಿದ್ದ ಗಿಟಾರ್ ಆಗಸ್ಟಿನಲ್ಲಿ ಬಿಗಿ ಎನಿಸಿದರೆ ಬೆರಳಿಗೆ ಅಭ್ಯಾಸ ತಪ್ಪಿತೆಂದು ಕೊರಗಬೇಕಾಗಿಲ್ಲ.

ಈ ಕಾರಣಕ್ಕೆ ಕರಾವಳಿಯಲ್ಲಿ ಪಾಲಿಸಲೇಬೇಕಾದ ನಿಯಮ ಒಂದಿದೆ: ಮಳೆಗಾಲದ ಅಳತೆ ನಂಬಿ ಏನನ್ನೂ ಉಜ್ಜಬಾರದು. ಜುಲೈಯಲ್ಲಿ ಉಬ್ಬಿದ ಹಲಗೆಗೆ ಸರಿಯಾಗಿ ಸ್ಯಾಡಲನ್ನು, ಅಂದರೆ ಬ್ರಿಜ್ ಮೇಲೆ ತಂತಿ ಕೂರುವ ಪಟ್ಟಿಯನ್ನು, ಉಜ್ಜಿ ಇಳಿಸಿದರೆ, ಜನವರಿಯಲ್ಲಿ ಹಲಗೆ ತನ್ನ ಜಾಗಕ್ಕೆ ಇಳಿದಾಗ ತಂತಿಗಳೆಲ್ಲ ಫ್ರೆಟ್ಟಿಗೆ ಬಡಿಯುತ್ತವೆ. ಉಜ್ಜಿ ತೆಗೆದದ್ದು ಮರಳಿ ಬರುವುದಿಲ್ಲ. ಮಳೆಗಾಲದಲ್ಲೊಮ್ಮೆ, ಒಣಹವೆಯಲ್ಲೊಮ್ಮೆ ಅಳೆದು ಎರಡನ್ನೂ ಬರೆದಿಟ್ಟುಕೊಂಡು, ಕೆಲಸಕ್ಕೆ ಡಿಸೆಂಬರ್–ಫೆಬ್ರವರಿಯ ದಿನಗಳನ್ನು ಆರಿಸಿಕೊಳ್ಳುವುದು ಲೇಸು. ಚಳಿಗಾಲದಲ್ಲಿ ಗಾಳಿ ತೀರ ಒಣಗುವ ಅಮೆರಿಕದ ಉತ್ತರ ರಾಜ್ಯಗಳಲ್ಲಿ ಕೆಲವು ವಾದಕರು ಬೇಸಿಗೆಗೊಂದು, ಚಳಿಗಾಲಕ್ಕೊಂದು ಸ್ಯಾಡಲ್ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಮಳೆಗಾಲಕ್ಕೊಂದು, ಉಳಿದ ಕಾಲಕ್ಕೊಂದು ಇಟ್ಟುಕೊಂಡರೆ ಅಷ್ಟೇ ಉಪಯೋಗ.

ಮಳೆಗಾಲದಲ್ಲಿ ಗಿಟಾರನ್ನು ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿಡುವುದು, ಪೊಟ್ಟಣ ತೇವ ಹೀರಿ ಮುಗಿದಾಗ ಬದಲಿಸುವುದು ಸುಲಭದ ರಕ್ಷಣೆ. ಹೊರಗೋಡೆಗೆ ತೂಗುಹಾಕಬಾರದು, ಮಣ್ಣಿನ ಗೋಡೆಯಿರಲಿ, ಕೆಂಪುಕಲ್ಲಿನದಿರಲಿ, ಮಳೆಗೆ ತಣ್ಣಗಾಗಿ ತೇವ ಬಿಡುತ್ತದೆ. ಹಾಗೆಂದು ಅಡುಗೆಮನೆಯ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದೂ ಬೇಡ. ಅಡಕೆ, ಹುಣಸೆ ಕೆಡದೆ ಉಳಿಯುವ ಆ ಬಿಸಿಯಲ್ಲಿ ಮೇಲ್ಹಲಗೆ ಸೀಳುತ್ತದೆ, ಅಂಟು ಬಿಡುತ್ತದೆ. ಬೇಸಗೆಯಲ್ಲಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೂ ಆಗುವುದು ಇದೇ.

ಘಟ್ಟದ ಈ ಸೀಮೆಗೆ ಗಿಟಾರಿನೊಂದಿಗೆ ಇನ್ನೂ ಒಂದು ಸಂಬಂಧವಿದೆ. ಪಶ್ಚಿಮ ಘಟ್ಟದ ಬೀಟೆ ಮರ, ಸಸ್ಯಶಾಸ್ತ್ರದ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ಜಗತ್ತಿನ ಗಿಟಾರ್ ತಯಾರಕರು ಹಿಂಬದಿ, ಪಕ್ಕ, ಬೆರಳುಹಲಗೆ ಮತ್ತು ಬ್ರಿಜ್‌ಗೆ ಬಳಸುವ ಮರ. ಅಮೆರಿಕದ ಮಾರ್ಟಿನ್ ಕಂಪನಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಭಾರತದ ಬೀಟೆಗೆ ಬಂದದ್ದು 1969ರಲ್ಲಿ. 2017ರ ಜನವರಿಯಿಂದ ಡಾಲ್ಬರ್ಜಿಯಾ ಜಾತಿಯ ಮರಗಳೆಲ್ಲ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟವು. ತಯಾರಾದ ಸಂಗೀತವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ನಮ್ಮ ಕಾಡಿನ ಮರವೇ ಕಡಲಾಚೆ ಹೋಗಿ ವಾದ್ಯವಾಗಿ, ಕೆಲವೊಮ್ಮೆ ಇದೇ ಮಳೆಗೆ ಮರಳಿ ಬರುತ್ತದೆ.

ಎತ್ತರ ನಿರ್ಧಾರವಾಗುವ ಮೂರು ಕಡೆ

ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಬೇಕೆಂದಾಗ ಮೇಣ ಕರಗಿಸಿ ಹೊಸದಾಗಿ ಮೇಳ ಕಟ್ಟಬಹುದು. ಗಿಟಾರಿನ ಫ್ರೆಟ್ಟುಗಳು ಮರದ ಸೀಳಿಗೆ ಬಡಿದು ಕೂರಿಸಿದವು. ಅವುಗಳ ಗೊಡವೆಗೆ ಮನೆಯಲ್ಲಿ ಹೋಗುವಂತಿಲ್ಲ. ಹಾಗಾಗಿ ತಂತಿ ಎತ್ತರವನ್ನು ಬದಲಿಸಲು ಉಳಿಯುವುದು ಮೂರೇ ಜಾಗ. ಒಂದು, ತಂತಿ ತಲೆಯ ಕಡೆಯಿಂದ ಇಳಿದು ಬರುವ ಗೀರುಪಟ್ಟಿ, ನಟ್. ಎರಡು, ಕತ್ತಿನ ಬಾಗು. ಮೂರು, ಬ್ರಿಜ್ ಮೇಲಿನ ಬಿಳಿಯ ಪಟ್ಟಿ, ಸ್ಯಾಡಲ್. ಮೂರೂ ಒಂದರ ಮೇಲೊಂದು ಪ್ರಭಾವ ಬೀರುವುದರಿಂದ ಕೆಲಸದ ಕ್ರಮ ಮುಖ್ಯ: ಮೊದಲು ಕತ್ತು, ಬಳಿಕ ನಟ್, ಕೊನೆಗೆ ಸ್ಯಾಡಲ್. ಕತ್ತಿನ ಬಾಗು ನೋಡದೆ ನೇರ ಸ್ಯಾಡಲ್ ಉಜ್ಜಲು ಕೂರುವುದು ಮನೆಕೆಲಸದಲ್ಲಿ ಅತಿ ಹೆಚ್ಚು ಕಾಣುವ ತಪ್ಪು.

ಸಲಕರಣೆಗಳು ಹೆದ್ದಾರಿ ಬದಿಯ ಯಾವ ಪೇಟೆಯಲ್ಲೂ ಸಿಗುವಂಥವೇ. ಅರ್ಧ ಮಿ.ಮೀ. ಗೆರೆಗಳಿರುವ ಸ್ಟೀಲ್ ಸ್ಕೇಲ್, ಗಿಟಾರ್ ಜತೆ ಬಂದಿರುವ ಅಲೆನ್ ಕೀ (ಬಹಳ ಸಲ 4 ಅಥವಾ 5 ಮಿ.ಮೀ.), 120, 220, 400 ನಂಬರಿನ ಸ್ಯಾಂಡ್ ಪೇಪರ್, ಸಪಾಟಾದ ದಪ್ಪ ಗಾಜಿನ ತುಂಡು, ಚೂಪಾಗಿ ಕೆತ್ತಿದ ಪೆನ್ಸಿಲ್, ತಂತಿಗಳನ್ನೆಲ್ಲ ಒಂದೇ ಫ್ರೆಟ್ಟಿಗೆ ಒತ್ತಿ ಹಿಡಿಯುವ ಒಂದು ಕೇಪೋ, ಮೊಬೈಲಿನಲ್ಲಿ ಟ್ಯೂನರ್. ಇವುಗಳ ಜತೆಗೆ ಒಂದು ಫೀಲರ್ ಗೇಜ್ ಸಿಕ್ಕರೆ ಕೆಲಸ ಅರ್ಧ ಮುಗಿದಂತೆ. ಗ್ಯಾರೇಜಿನವರು ಬೈಕು ಜೀಪುಗಳ ಟ್ಯಾಪೆಟ್ ಹೊಂದಿಸಲು ಬಳಸುವ, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ದಪ್ಪ ಗುರುತಿಸಿದ ಉಕ್ಕಿನ ಎಲೆಗಳ ಕಟ್ಟು ಅದು. ಗಿಟಾರಿಗೆಂದೇ ಮಾರುವ ದುಬಾರಿ ಮಾಪಕಗಳು ಇದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ. ಎಣ್ಣೆ ಒರೆಸಿ ಬಳಸಬೇಕು, ಅಷ್ಟೆ.

ಅಳತೆಗೆ ಮುನ್ನ ತಂತಿಗಳು ತಕ್ಕಮಟ್ಟಿಗೆ ಹೊಸತಾಗಿರಬೇಕು, ಶ್ರುತಿ ಪೂರ್ತಿ ಕೂಡಿರಬೇಕು, ಗಿಟಾರ್ ನುಡಿಸುವ ಭಂಗಿಯಲ್ಲಿರಬೇಕು. ತಂತಿಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. 12–53ರ (ತೆಳು ಮತ್ತು ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಸೆಟ್ ಶ್ರುತಿಯಲ್ಲಿದ್ದಾಗ ಕತ್ತು ಮತ್ತು ಮೇಲ್ಹಲಗೆಯನ್ನು ಎಳೆಯುವ ಬಲ 70 ಕೆ.ಜಿ.ಗೂ ಮಿಕ್ಕಿದ್ದು. 10ರ ಸೆಟ್ಟಿನಲ್ಲಿ ಅದು 50–60 ಕೆ.ಜಿ. ಆಸುಪಾಸಿಗೆ ಇಳಿಯುತ್ತದೆ. ಕಲಿಯುವ ಮಕ್ಕಳ ಗಿಟಾರಿಗೆ ತೆಳು ಸೆಟ್ ಹಾಕಿ ವಾರ ಬಿಟ್ಟು ನೋಡಿದರೆ ಎಷ್ಟೋ ಸಲ ಬೇರೆ ಕೆಲಸವೇ ಬೇಕಾಗುವುದಿಲ್ಲ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ನೈಲಾನ್ ತಂತಿಗೆಂದು ಕಟ್ಟಿದ ಕ್ಲಾಸಿಕಲ್ ಗಿಟಾರಿಗೆ ಉಕ್ಕಿನ ತಂತಿ ಹಾಕಬಾರದು. ಅದರ ಹಲಗೆ ಸುಮಾರು 40 ಕೆ.ಜಿ. ಎಳೆತಕ್ಕೆ ಹೊಂದಿಸಿದ್ದು. ಉಕ್ಕು ಹಾಕಿದರೆ ಹಲಗೆ ಉಬ್ಬಿ, ಬ್ರಿಜ್ ಎದ್ದು, ತಂತಿ ದಿನೇ ದಿನೇ ಮೇಲೇರುತ್ತದೆ.

ಕತ್ತು

ಕತ್ತು ಗೆರೆ ಎಳೆದಂತೆ ನೇರ ಇರಬಾರದು. ತಂತಿ ಕಂಪಿಸಲು ಜಾಗವಾಗುವಷ್ಟು ಮುಂದಕ್ಕೆ ಬಾಗಿರಬೇಕು. ಒಂದನೇ ಫ್ರೆಟ್ಟಿಗೆ ಕೇಪೋ ಹಾಕಿ, ಕತ್ತು ಒಡಲನ್ನು ಸೇರುವ 14ನೇ ಫ್ರೆಟ್ಟಿನಲ್ಲಿ ಆರನೇ ತಂತಿಯನ್ನು ಒತ್ತಿ ಹಿಡಿದರೆ ಆ ತಂತಿಯೇ ನೇರಪಟ್ಟಿಯಾಗುತ್ತದೆ. ಆಗ ಆರು–ಏಳನೇ ಫ್ರೆಟ್ಟಿನ ಮೇಲೆ ಫೀಲರ್ ಗೇಜಿನ 0.1ರಿಂದ 0.3 ಮಿ.ಮೀ. ಎಲೆ ತಂತಿಯನ್ನು ಎತ್ತದೆ ನುಸುಳಬೇಕು. ಅಂತರ ಇದಕ್ಕಿಂತ ಹೆಚ್ಚಿದ್ದರೆ ಬಾಗು ಹೆಚ್ಚು. ನಡುಗತ್ತಿನಲ್ಲಿ ತಂತಿ ಎತ್ತರ ಎನಿಸುವುದು ಅದಕ್ಕೇ. ಅಂತರವೇ ಇಲ್ಲದಿದ್ದರೆ ಕತ್ತು ಹಿಂದಕ್ಕೆ ಬಾಗಿದೆ. ಮೊದಲ ಕೆಲವು ಫ್ರೆಟ್ಟುಗಳಲ್ಲಿ ಬಡಿತ ಕೇಳುವುದು ಆಗ.

ಇದನ್ನು ಸರಿಪಡಿಸುವುದು ಕತ್ತಿನೊಳಗೆ ಹುದುಗಿರುವ ಉಕ್ಕಿನ ಸರಳು, ಟ್ರಸ್ ರಾಡ್. ಗಿಬ್ಸನ್ ಕಂಪನಿಯ ಥಡಿಯಸ್ ಮೆಕ್‌ಹ್ಯೂ ಹೊಂದಿಸಬಲ್ಲ ಸರಳಿಗೆ 1923ರಲ್ಲಿ ಪೇಟೆಂಟ್ ಪಡೆದರು. ಮಾರ್ಟಿನ್ ಕಂಪನಿ ಅಂಥ ಸರಳನ್ನು ಅಳವಡಿಸಿಕೊಂಡದ್ದು 1985ರಲ್ಲಿ. ಅದರ ತಿರುಪು ಧ್ವನಿರಂಧ್ರದ ಒಳಗೆ ಕತ್ತಿನ ಬುಡದಲ್ಲಿರುತ್ತದೆ, ಇಲ್ಲವೇ ತಲೆಯ ಮೇಲಿನ ಸಣ್ಣ ಮುಚ್ಚಳದಡಿ ಇರುತ್ತದೆ. ತಿರುಪಿನ ಮುಖಕ್ಕೆ ಎದುರಾಗಿ ನಿಂತು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಾಗು ಕಡಿಮೆಯಾಗುತ್ತದೆ, ಅದಕ್ಕೆ ವಿರುದ್ಧ ತಿರುಗಿಸಿದರೆ ಹೆಚ್ಚುತ್ತದೆ. ಒಂದು ಬಾರಿಗೆ ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು, ಪುನಃ ಅಳೆಯಬೇಕು. ಮರ ನಿಧಾನಕ್ಕೆ ಒಗ್ಗಿಕೊಳ್ಳುತ್ತದೆ. ತಿರುಪು ಬಿಗಿದು ನಿಂತರೆ ಬಲ ಹಾಕಬಾರದು. ತುಂಡಾದ ಸರಳನ್ನು ಹೊರತೆಗೆಯಲು ಬೆರಳುಹಲಗೆಯನ್ನೇ ಬಿಡಿಸಬೇಕಾದೀತು. ಟ್ರಸ್ ರಾಡ್ ಇರುವುದು ಬಾಗು ಹೊಂದಿಸಲು. ಅದರಿಂದ ತಂತಿ ಎತ್ತರ ತುಸು ಬದಲಾಗುವುದು ನಿಜವಾದರೂ, ಎತ್ತರ ಇಳಿಸಲೆಂದೇ ಅದನ್ನು ಬಿಗಿಯುತ್ತ ಹೋಗುವುದು ಕತ್ತಿಗೆ ಹಾನಿ. ಕ್ಲಾಸಿಕಲ್ ಗಿಟಾರುಗಳಲ್ಲಿ ಬಹುಪಾಲು ಈ ಸರಳು ಇರುವುದೇ ಇಲ್ಲ.

ನಟ್

ಹೊಸ ಗಿಟಾರಿನಲ್ಲಿ ಎಫ್ ಕಾರ್ಡ್ ಹಿಡಿಯಲಾಗದೆ ಸೋಲುವವರು ಮೊದಲು ಮಾಡಬೇಕಾದ ಪರೀಕ್ಷೆ ಸುಲಭದ್ದು. ಒಂದನೇ ಫ್ರೆಟ್ಟಿಗೆ ಕೇಪೋ ಹಾಕಿ ಅದೇ ಆಕಾರವನ್ನು ಒಂದು ಮನೆ ಮೇಲೆ ಹಿಡಿಯಬೇಕು. ಅದು ಒಮ್ಮೆಗೇ ಸಲೀಸಾದರೆ ತೊಂದರೆ ನಟ್‌ನಲ್ಲಿದೆ, ಬೆರಳಲ್ಲಿ ಇಲ್ಲ. ಖಚಿತಪಡಿಸಿಕೊಳ್ಳಲು ಒಂದೊಂದೇ ತಂತಿಯನ್ನು ಎರಡು–ಮೂರನೇ ಫ್ರೆಟ್ಟುಗಳ ನಡುವೆ ಒತ್ತಿ, ಒಂದನೇ ಫ್ರೆಟ್ಟಿನ ಮೇಲೆ ಉಳಿಯುವ ಅಂತರ ನೋಡಬೇಕು. ತಲೆಗೂದಲಿನಷ್ಟು ಬೆಳಕು ಕಂಡರೆ ಸರಿ. ಕಾಗದದ ಹಾಳೆಗಳು ಒಂದರ ಮೇಲೊಂದು ನುಸುಳುವಂತಿದ್ದರೆ ಗೀರು ಆಳ ಸಾಲದು.

ಗೀರು ಆಳ ಮಾಡಲು ತಂತಿಯ ದಪ್ಪಕ್ಕೆ ತಕ್ಕ ದುಂಡಗಿನ ಸಣ್ಣ ಅರಗಳು ಬೇಕು. ಗ್ಯಾಸ್ ವೆಲ್ಡಿಂಗ್ ನಾಜಲ್‌ನ ತೂತು ಶುಚಿ ಮಾಡುವ ಮುಳ್ಳುಮೈಯ ಉಕ್ಕಿನ ಕಡ್ಡಿಗಳನ್ನು ಇದಕ್ಕೆ ಬಳಸುವವರಿದ್ದಾರೆ, ಎಚ್ಚರದಿಂದ ಬಳಸಿದರೆ ಅವು ಸಾಕು. ಗೀರು ತಲೆಯ ಕಡೆಗೆ ಇಳಿಜಾರಾಗಿದ್ದು, ತಂತಿ ಬೆರಳುಹಲಗೆಯ ಕಡೆಯ ಅಂಚಿನಲ್ಲೇ ಕೂರಬೇಕು. ಒಂದೆರಡು ಎಳೆತಕ್ಕೊಮ್ಮೆ ತಂತಿ ಇಟ್ಟು ನೋಡಬೇಕು. ಹೆಚ್ಚು ಉಜ್ಜಿ ಗೀರು ಆಳವಾದರೆ, ಒತ್ತದೆ ಬಿಟ್ಟ ತಂತಿ ಒಂದನೇ ಫ್ರೆಟ್ಟಿಗೆ ಬಡಿಯುತ್ತದೆ. ಅಡುಗೆ ಸೋಡಾ ಇಲ್ಲವೇ ಮೂಳೆಪುಡಿಯನ್ನು ಗೀರಿಗೆ ತುಂಬಿ ಒಂದು ಹನಿ ಫೆವಿಕ್ವಿಕ್ ಬಿಟ್ಟು ಹೊಸದಾಗಿ ಗೀರು ತೆಗೆಯಬಹುದಾದರೂ ಅದು ತೇಪೆಯೇ. ಮೂರು ಕೆಲಸಗಳಲ್ಲಿ ಯಾವುದನ್ನಾದರೂ ಅಂಗಡಿಗೆ ಬಿಡುವುದಿದ್ದರೆ ಇದನ್ನು ಬಿಡಬಹುದು.

ಸ್ಯಾಡಲ್

ಮನೆಯಲ್ಲಿ ನಿರ್ಭಯವಾಗಿ ಮಾಡಬಹುದಾದ, ಅತಿ ಹೆಚ್ಚು ಫಲ ಕೊಡುವ ಕೆಲಸ ಸ್ಯಾಡಲ್‌ನದು. ಕೆಟ್ಟರೆ ಕೆಡುವುದು ಅಂಗಡಿಯಲ್ಲಿ ಕೊಳ್ಳಬಹುದಾದ ಒಂದು ಸಣ್ಣ ಪಟ್ಟಿ, ಗಿಟಾರ್ ಅಲ್ಲ. 12ನೇ ಫ್ರೆಟ್ ತಂತಿಯ ನಡುವಿನಲ್ಲಿರುವುದರಿಂದ ಸ್ಯಾಡಲ್‌ನಲ್ಲಿ ಇಳಿಸಿದ್ದರ ಅರ್ಧದಷ್ಟು ಮಾತ್ರ ಅಲ್ಲಿ ಇಳಿಯುತ್ತದೆ. ಈ ಒಂದು ಲೆಕ್ಕವೇ ಇಡೀ ಕೆಲಸದ ಆಧಾರ. ಆರನೇ ತಂತಿ 3.2 ಮಿ.ಮೀ. ಇದ್ದು 2.4ಕ್ಕೆ ಇಳಿಸಬೇಕೆಂದರೆ ವ್ಯತ್ಯಾಸ 0.8, ಸ್ಯಾಡಲ್‌ನಿಂದ ತೆಗೆಯಬೇಕಾದ್ದು 1.6 ಮಿ.ಮೀ. ಒಂದನೇ ತಂತಿ 2.4ರಿಂದ 1.8ಕ್ಕೆ ಬರಬೇಕೆಂದರೆ ಆ ತುದಿಯಲ್ಲಿ ತೆಗೆಯಬೇಕಾದ್ದು 1.2. ಹೀಗೆ ಎರಡು ತುದಿಗೆ ಎರಡು ಲೆಕ್ಕ ಬಂದಾಗ ತಳದ ಗೆರೆ ಓರೆಯಾಗಿ ಬರುತ್ತದೆ, ಅದು ಸಹಜ.

ಉಜ್ಜುವ ಮೊದಲು ನೋಡಿಕೊಳ್ಳಬೇಕಾದ್ದು, ಬ್ರಿಜ್‌ನ ಮೇಲೆ ಸ್ಯಾಡಲ್ ಎಷ್ಟು ಕಾಣುತ್ತಿದೆ ಎಂಬುದು. ಕೆಲಸ ಮುಗಿದ ಮೇಲೂ ಸುಮಾರು 3 ಮಿ.ಮೀ. ಮೇಲೆ ಉಳಿಯಬೇಕು. ತಂತಿ ಸ್ಯಾಡಲ್ ದಾಟಿ ಬ್ರಿಜ್ ಪಿನ್ನಿನ ತೂತಿಗೆ ಇಳಿಯುವ ಕೋನ ಚೂಪಾಗಿದ್ದರೇ ಅದು ಸ್ಯಾಡಲನ್ನು ಗಟ್ಟಿಯಾಗಿ ಒತ್ತುತ್ತದೆ, ನಾದ ಮೇಲ್ಹಲಗೆಗೆ ಇಳಿಯುತ್ತದೆ. ಕೋನ ಸಪ್ಪೆಯಾದರೆ ಗಿಟಾರಿನ ಧ್ವನಿಯೂ ಸಪ್ಪೆ.

ತಂತಿಗಳನ್ನು ಸಡಿಲಿಸಿ, ಪಿನ್ನು ಕಿತ್ತು, ಸ್ಯಾಡಲನ್ನು ಮೇಲಕ್ಕೆ ಎಳೆದರೆ ಸಾಮಾನ್ಯವಾಗಿ ಕೈಗೇ ಬರುತ್ತದೆ. ಬಿಗಿಯಾಗಿದ್ದರೆ ಬಟ್ಟೆ ಸುತ್ತಿದ ಇಕ್ಕುಳದಲ್ಲಿ ಹಿಡಿದು ಒಂದು ತುದಿಯಿಂದ ಮೆಲ್ಲಗೆ ಎತ್ತಬೇಕು. ಅಂಟು ಹಾಕಿದ್ದಾರೆಂದು ಅನಿಸಿದರೆ ಅಲ್ಲಿಗೇ ನಿಲ್ಲಿಸಿ. ಹೊರಬಂದ ಸ್ಯಾಡಲ್‌ನ ಯಾವ ತುದಿ ದಪ್ಪ ತಂತಿಯ ಕಡೆಯದು ಎಂದು ಗುರುತು ಮಾಡಿ, ತೆಗೆಯಬೇಕಾದ ಗೆರೆಯನ್ನು ಪೆನ್ಸಿಲಿನಲ್ಲಿ ಎರಡೂ ಮುಖದ ಮೇಲೆ ಎಳೆಯಬೇಕು. ಕೆಲಸ ಯಾವಾಗಲೂ ತಳದಿಂದಲೇ. ಸ್ಯಾಡಲ್‌ನ ಮೇಲಂಚು ಬೆರಳುಹಲಗೆಯ ಕಮಾನಿಗೆ ಹೊಂದಿಸಿದ್ದು, ಅದನ್ನು ಮುಟ್ಟಿದರೆ ನಡುತಂತಿಗಳ ಲೆಕ್ಕ ಕೆಡುತ್ತದೆ.

ಗಾಜಿನ ಮೇಲೆ 120 ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿ, ಸ್ಯಾಡಲನ್ನು ನೆಟ್ಟಗೆ ಹಿಡಿದು, ಒಂದೇ ದಿಕ್ಕಿಗೆ ಎಳೆಯುತ್ತ ಗೆರೆಯ ಸಮೀಪಕ್ಕೆ ತರುವುದು. ಅಲ್ಲಿಂದ 220, ಕೊನೆಗೆ 400. ಹಿಂದೆ ಮುಂದೆ ಉಜ್ಜಿದರೆ ತೊಟ್ಟಿಲಿನ ಕಾಲಿನಂತೆ ತಳ ದುಂಡಾಗುತ್ತದೆ, ಬೆರಳ ಒತ್ತಡ ತುದಿಗಳಲ್ಲೇ ಹೆಚ್ಚಾಗುವುದು ಅದಕ್ಕೆ ಕಾರಣ. ತಳಕ್ಕೆ ಪೆನ್ಸಿಲ್ ಬಳಿದು ಒಂದು ಎಳೆತ ಎಳೆದರೆ ಉಬ್ಬು ತಗ್ಗು ಗೊತ್ತಾಗುತ್ತದೆ: ಬಣ್ಣ ಉಳಿದ ಕಡೆ ತಗ್ಗು. ಸ್ಯಾಡಲ್ ಕೆಳಗೆ ಪಿಕಪ್ ಇರುವ ಗಿಟಾರುಗಳಲ್ಲಿ ಈ ಸಪಾಟು ಇನ್ನೂ ಮುಖ್ಯ. ಚರ್ಚಿನಲ್ಲೋ ವೇದಿಕೆಯಲ್ಲೋ ಆಂಪ್ಲಿಫೈಯರಿಗೆ ಜೋಡಿಸಿದಾಗ ಒಂದು ತಂತಿ ಜೋರಾಗಿ, ಪಕ್ಕದ್ದು ಕ್ಷೀಣವಾಗಿ ಕೇಳಿದರೆ ಬಹಳ ಸಲ ತಳ ಸಮವಾಗಿ ಕೂತಿಲ್ಲವೆಂದೇ ಅರ್ಥ. ಲೆಕ್ಕದ ಗೆರೆಗೆ 0.2 ಮಿ.ಮೀ. ಇರುವಾಗ ನಿಲ್ಲಿಸಿ, ಸ್ಯಾಡಲ್ ಕೂರಿಸಿ, ಶ್ರುತಿ ಮಾಡಿ, ಒಂದು ದಿನ ನುಡಿಸಿ ಮತ್ತೆ ಅಳೆಯುವುದು ವಿವೇಕ. ಸ್ಯಾಡಲ್ ಮೂಳೆಯದಾಗಿದ್ದರೆ ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಹೊಸ ಸ್ಯಾಡಲ್ ಕೊಳ್ಳುವುದಾದರೆ ಟೊಳ್ಳು ಪ್ಲಾಸ್ಟಿಕ್ಕಿನದನ್ನು ಬಿಟ್ಟು ಮೂಳೆಯದನ್ನೋ, ಮೂಳೆ ಬೇಡವೆನ್ನುವವರು ಟಸ್ಕ್ ಎಂಬ ಕೃತಕ ವಸ್ತುವಿನದನ್ನೋ ಆರಿಸಬಹುದು. ತೀರ ಅಗ್ಗದ ಗಿಟಾರಿನಲ್ಲೂ ಇದರ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ಕಡಿಮೆ ಇಳಿಸಬೇಕಾದಲ್ಲಿ ಹೆಚ್ಚು ಇಳಿದುಹೋದರೆ ಸ್ಯಾಡಲ್‌ನ ಅಡಿಗೆ ಬೀಟೆಯಂಥ ಗಟ್ಟಿ ಮರದ ತೆಳು ಪಟ್ಟಿ ಇಡಬಹುದು. ಕಾಗದ, ರಟ್ಟು ಇಡಬಾರದು. ಅವು ನಾದ ನುಂಗುತ್ತವೆ, ಮಳೆಗಾಲದಲ್ಲಿ ತೇವವನ್ನೂ ಕುಡಿಯುತ್ತವೆ.

ಬೇರೆ ಬಗೆಯ ಬ್ರಿಜ್‌ಗಳು

ಕೋಲ್ಕತ್ತಾದ ಗಿವ್ಸನ್‌ನಂಥ ಭಾರತೀಯ ತಯಾರಕರ ಹಲವು ಅಗ್ಗದ ಮಾದರಿಗಳಲ್ಲಿ ತಂತಿ ಬ್ರಿಜ್‌ನಲ್ಲಿ ಕೊನೆಗೊಳ್ಳದೆ ಗಿಟಾರಿನ ಬಾಲದಲ್ಲಿರುವ ಲೋಹದ ಕೊಂಡಿಗೆ ಹೋಗುತ್ತದೆ. ಬ್ರಿಜ್ ಅಂಟಿಲ್ಲದೆ ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ಅದರ ಎರಡು ಬದಿಗೆ ತಿರುಪುಗಳಿದ್ದರೆ ಉಜ್ಜುವ ಕೆಲಸವೇ ಇಲ್ಲ, ತಿರುಗಿಸಿ ಎತ್ತರ ಹೊಂದಿಸಬಹುದು. ಕಳೆದ ಶತಮಾನದ ಮಧ್ಯದಲ್ಲಿ ಗಿಬ್ಸನ್ ಕಂಪನಿಯೂ ಅಕೂಸ್ಟಿಕ್ ಗಿಟಾರುಗಳಿಗೆ ತಿರುಪಿನ ಸ್ಯಾಡಲ್ ಕೊಟ್ಟು ನೋಡಿತು, ಲೋಹದ ಭಾರಕ್ಕೆ ನಾದ ಕುಗ್ಗುತ್ತದೆಂಬ ದೂರಿನ ನಡುವೆ ಆಮೇಲೆ ಕೈಬಿಟ್ಟಿತು. ಕಲಿಯುವವರಿಗೆ ಆ ಕುಗ್ಗು ದೊಡ್ಡ ನಷ್ಟವೇನಲ್ಲ. ಇಂಥ ಬ್ರಿಜ್‌ನಲ್ಲಿ ಗಮನಿಸಬೇಕಾದ್ದು ಅದರ ಜಾಗ: ಎಲ್ಲ ತಂತಿ ಒಮ್ಮೆಲೇ ಬಿಚ್ಚಿದರೆ ಬ್ರಿಜ್ ಬಿದ್ದುಹೋಗುತ್ತದೆ, ಹಾಗಾಗಿ ಮೊದಲೇ ಪೆನ್ಸಿಲ್ ಗುರುತು ಹಾಕಿಟ್ಟುಕೊಳ್ಳಬೇಕು.

ಎತ್ತರ ಬದಲಾದಾಗ ಶ್ರುತಿಶುದ್ಧಿಯೂ ಬದಲಾಗುತ್ತದೆ. ತಂತಿಯನ್ನು ಫ್ರೆಟ್ಟಿಗೆ ಒತ್ತುವುದೆಂದರೆ ಅದನ್ನು ಎಳೆಯುವುದೇ. ಎತ್ತರ ಹೆಚ್ಚಿದ್ದಷ್ಟೂ ಎಳೆತ ಹೆಚ್ಚು, ಸ್ವರ ಮೇಲಕ್ಕೆ ಸರಿಯುತ್ತದೆ. 12ನೇ ಫ್ರೆಟ್ಟಿನ ಹಾರ್ಮೋನಿಕ್ ಸ್ವರವನ್ನೂ ಅಲ್ಲೇ ಒತ್ತಿ ನುಡಿಸಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿದರೆ ಇದು ತಿಳಿಯುತ್ತದೆ. ತಂತಿ ಇಳಿಸಿದ ಮೇಲೆ ಗಿಟಾರ್ ಮೊದಲಿಗಿಂತ ಶ್ರುತಿಬದ್ಧವಾಗಿ ಕೇಳುವುದು ಇದರಿಂದ.

ಎಲ್ಲ ಸಂಗೀತಕ್ಕೂ ತಂತಿ ಕೆಳಗಿರಬೇಕೆಂದಿಲ್ಲ. ತಂಬೂರಿಯಲ್ಲಿ ಕುದುರೆಗೂ ತಂತಿಗೂ ನಡುವೆ ನೂಲಿಟ್ಟು ಬೇಕೆಂದೇ ಝೇಂಕಾರ ಹುಟ್ಟಿಸುತ್ತಾರೆ. ಗಿಟಾರಿನಲ್ಲಿ ಅದು ದೋಷ. ಸ್ಲೈಡ್ ಗಿಟಾರಿನಲ್ಲಿ ಲೋಹದ ಸರಳು ತಂತಿಯ ಮೇಲೆ ಜಾರಬೇಕಾದ್ದರಿಂದ ತಂತಿ ಫ್ರೆಟ್ಟಿಗೆ ತಾಗದಷ್ಟು ಎತ್ತರದಲ್ಲಿರಬೇಕು. ಮೋಹನವೀಣೆಯ ವಿಶ್ವಮೋಹನ ಭಟ್ಟರು, ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆಯವರು ಹಿಂದೂಸ್ತಾನಿ ರಾಗಗಳನ್ನು ನುಡಿಸುವುದು ಈ ಬಗೆಯ ಎತ್ತರದ ತಂತಿಯ ಮೇಲೆ. ಮನೆಯಲ್ಲಿ ಹಾಳಾದ, ಕತ್ತು ಬಾಗಿ ತಂತಿ ಏರಿದ ಹಳೆಯ ಗಿಟಾರ್ ಇದ್ದರೆ ಅದನ್ನು ಎಸೆಯುವ ಬದಲು ತೊಡೆಯ ಮೇಲೆ ಅಡ್ಡಲಾಗಿಟ್ಟು ಸ್ಲೈಡ್ ಕಲಿಯಬಹುದು.

ಮನೆಯಲ್ಲಿ ಮಾಡಬಾರದ್ದು

ಕೆಲವು ಗಿಟಾರುಗಳಲ್ಲಿ ಸ್ಯಾಡಲ್ ಆಗಲೇ ತೀರ ತಗ್ಗಿರುತ್ತದೆ, ಕತ್ತಿನ ಬಾಗು ಸರಿಯಿರುತ್ತದೆ, ಆದರೂ ತಂತಿ ಎತ್ತರದಲ್ಲಿರುತ್ತದೆ. ಉದ್ದನೆಯ ನೇರಪಟ್ಟಿಯನ್ನು ಫ್ರೆಟ್ಟುಗಳ ಮೇಲಿಟ್ಟು ಬ್ರಿಜ್ ಕಡೆಗೆ ಚಾಚಿದಾಗ ಅದು ಬ್ರಿಜ್‌ನ ಮೇಲಂಚಿಗೆ ತಾಗಬೇಕು, ಇಲ್ಲವೇ ಸ್ವಲ್ಪ ಮೇಲೆ ಹಾದುಹೋಗಬೇಕು. ಪಟ್ಟಿ ಬ್ರಿಜ್‌ನ ಮೈಗೆ ಹೋಗಿ ಬಡಿದರೆ ವರ್ಷಗಟ್ಟಲೆ ಎಳೆತಕ್ಕೆ ಕತ್ತಿನ ಕೋನವೇ ಬದಲಾಗಿದೆ ಎಂದು ತಿಳಿಯಬೇಕು. ಕತ್ತನ್ನು ಬಿಡಿಸಿ ಹೊಸ ಕೋನದಲ್ಲಿ ಕೂರಿಸುವ ಆ ಕೆಲಸ ನುರಿತವರದು, ಅಗ್ಗದ ಗಿಟಾರಿನಲ್ಲಿ ಅದರ ಖರ್ಚು ಗಿಟಾರಿನ ಬೆಲೆಯನ್ನೇ ಮೀರುತ್ತದೆ. ಬ್ರಿಜ್‌ನ ಹಿಂಬದಿಯ ಅಂಚಿನಡಿ ಕಾಗದ ನುಸುಳಿದರೆ ಅಂಟು ಬಿಡುತ್ತಿದೆ ಎಂದರ್ಥ. ಕೂಡಲೇ ತಂತಿ ಸಡಿಲಿಸಿ ತಜ್ಞರಿಗೆ ತೋರಿಸಬೇಕು. ಒಂದೇ ಫ್ರೆಟ್ಟಿನಲ್ಲಿ ಮಾತ್ರ ಬಡಿತ ಕೇಳಿದರೆ ತೊಂದರೆ ಆ ಫ್ರೆಟ್ಟಿನ ಆಸುಪಾಸಿನದು. ಅದಕ್ಕಾಗಿ ಇಡೀ ಗಿಟಾರಿನ ತಂತಿ ಎತ್ತರಿಸುವುದು ಸರಿಯಲ್ಲ.

ಹೊಸ ಸ್ಯಾಡಲ್ ಕೂರಿಸಿದವರು ಮೂಲದ್ದನ್ನು ಎಸೆಯಬಾರದು. ಒಂದು ಸಣ್ಣ ಲಕೋಟೆಯಲ್ಲಿ ಹಾಕಿ, ಅದರ ಮೇಲೆ ಅಳತೆ ಮತ್ತು ಅಳೆದ ತಿಂಗಳನ್ನು ಬರೆದು ಗಿಟಾರ್ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ. ಮುಂದಿನ ಸಲ ಕೆಲಸ ಶುರುಮಾಡಲು ಅದೇ ಅಳತೆಗೋಲು.